ತೆಗೆದ ಫೋಟೊ ಊರಿಗೆ ವಾಪಸ್ ಬರಲಿ

ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಡೆಯ ಒಂದು ಕೆರೆ ಏರಿ ಮೇಲೆ ನಾಲ್ಕು ಬೈಕು, ಒಂದು ಕಾರು ನಿಂತಿದ್ದವು. ಆರೇಳು ಜನ, ಕೊರಳಲ್ಲಿ ಮೊಳದುದ್ದದ ಲೆನ್ಸು. ನಾನೂ ನನ್ನ ಹಳೇ ಕ್ಯಾಮೆರಾ ತಗೊಂಡು ಹೋಗಿದ್ದೆ. ಕೊಕ್ಕರೆಗಳು ಜಾಲಿ ಮರದ ಮೇಲೆ ಸುಮ್ಮನೆ ಕೂತಿದ್ದವು. ಕೂತ ಹಕ್ಕಿ ಎಲ್ಲರಿಗೂ ಸಿಗುತ್ತದೆ, ಹಾರುವ ಹಕ್ಕಿ ಬೇಕು ಅಂತ ಒಬ್ಬಾತ ಕಲ್ಲು ಎತ್ತಿ ನೀರಿಗೆ ಒಗೆದ. ಗುಂಪೆಲ್ಲ ಎದ್ದಿತು. ಕ್ಯಾಮೆರಾಗಳು ಟಕಟಕಟಕ ಅಂದವು. ಏರಿ ಕೆಳಗೆ ಕುರಿ ಮೇಯಿಸುತ್ತಿದ್ದ ಹಿರಿಯರು ಕೂಗಿದರು: "ಸರ, ಕಲ್ಲು ಒಗೀಬ್ಯಾಡ್ರಿ. ಗೂಡಾಗ ಮರಿ ಅದಾವು."

ಕಲ್ಲು ಒಗೆದವನು ನಕ್ಕು ಕೈ ಎತ್ತಿದ. ಆಮೇಲೆ ಒಗೆಯಲಿಲ್ಲ, ನಿಜ. ಆದರೆ ಅಷ್ಟೊತ್ತಿಗೆ ಅವನಿಗೆ ಬೇಕಾದ ಫೋಟೊ ಸಿಕ್ಕಿತ್ತು.

ಆತನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾನೇನೂ ಸಾಚಾ ಅಲ್ಲ. ಡಿಪ್ಲೊಮಾ ಮುಗಿಸಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡ ಹೊಸದರಲ್ಲಿ ಒಂದು ಟಿಟ್ಟಿಭದ ಮೊಟ್ಟೆ ಸಿಕ್ಕಿತು ಅಂತ ಅರ್ಧ ತಾಸು ಅಲ್ಲೇ ಕೂತಿದ್ದೆ. ತಾಯಿ ಹಕ್ಕಿ ತಲೆ ಮೇಲೆ ಕಿರುಚಿಕೊಂಡು ಸುತ್ತುತ್ತಿತ್ತು. ಅದು ನನ್ನನ್ನು ಓಡಿಸುತ್ತಿದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಉರಿಬಿಸಿಲಲ್ಲಿ ಮೊಟ್ಟೆ ಬೆಂದಿರುತ್ತವೆ ಅಂತ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ನಮ್ಮದು ಫೋಟೊ ತೆಗೆಯುವವರಿಗೆ ಬರಗಾಲವಿಲ್ಲದ ಸೀಮೆ. ಹಳೇ ಶಾಸನಗಳು ಕೋಗಳಿ-500 ಅಂತ ಕರೆದ ನಾಡು ಇದು. ಕೋಗಳಿಯಲ್ಲಿ ಬಸದಿ ಇದೆ, ಬಾಗಳಿಯಲ್ಲಿ ಕಲ್ಲೇಶ್ವರ, ಕುರುವತ್ತಿಯಲ್ಲಿ ಮಲ್ಲಿಕಾರ್ಜುನ. ಕೂಡ್ಲಿಗಿ ಕಡೆ ಹೋದರೆ ಗುಡೇಕೋಟೆಯ ಕರಡಿಧಾಮ. ಮೈಲಾರದ ಕಾರ್ಣಿಕ, ಕೊಟ್ಟೂರಿನ ತೇರು, ಉಚ್ಚಂಗಿದುರ್ಗದ ಗುಡ್ಡ. ಇಷ್ಟೆಲ್ಲ ಒಂದು ಟ್ಯಾಂಕ್ ಪೆಟ್ರೋಲಿನೊಳಗೆ. ಅದಕ್ಕೇ ಭಾನುವಾರ ಬಂದರೆ ಬಳ್ಳಾರಿ, ದಾವಣಗೆರೆ, ಹೊಸಪೇಟೆಯಿಂದ ಬೈಕುಗಳು ಬರುತ್ತವೆ. ಈಗ ನಮ್ಮ ಹುಡುಗರೇ ಎಷ್ಟೋ ಜನ ಕಂತಿನ ಮೇಲೆ ಕ್ಯಾಮೆರಾ ತಗೊಂಡಿದ್ದಾರೆ. ಕಂತಿಲ್ಲದವರಿಗೆ ಫೋನಿದೆ. ಬರಲಿ, ತೆಗೆಯಲಿ. ನನ್ನ ತಕರಾರು ತೆಗೆದಾದ ಮೇಲಿನದ್ದು. ಆ ಫೋಟೊ ಎಲ್ಲಿಗೆ ಹೋಗುತ್ತದೆ? ಅದರ ಜೊತೆ ಊರಿನ ಹೆಸರು ಹೋಗುತ್ತದೆಯೇ? ಊರಿಗೆ ಏನಾದರೂ ವಾಪಸ್ ಬರುತ್ತದೆಯೇ?

ವಾಪಸ್ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಹಂಪಿಗೆ ಹೋದರೆ ಸಾಕು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಒಬ್ಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೊ ತೆಗೆದ. ಅದು ಅವನ ನೌಕರಿಯ ಕೆಲಸವಲ್ಲ, ಹವ್ಯಾಸ. ಮೇಣ ಸವರಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳು. ಮರದ ಪೆಟ್ಟಿಗೆಯಂಥ ಕ್ಯಾಮೆರಾ ಹೊತ್ತು ಆ ಬಂಡೆಗಳ ನಡುವೆ ಹೇಗೆ ಓಡಾಡಿದನೋ! ನೂರು ವರ್ಷಕ್ಕೂ ಹೆಚ್ಚು ಕಾಲ ಆ ನೆಗೆಟಿವ್‌ಗಳ ಸುದ್ದಿ ಹೊರಗಿನವರಿಗೆ ಇರಲಿಲ್ಲ. ಸಿಕ್ಕ ಮೇಲೆ, 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಂಬ ಬಿತ್ತು, ಯಾವ ಗೋಡೆ ಹೋಯಿತು, ಎಲ್ಲಿ ರಿಪೇರಿ ಆಯಿತು ಎಲ್ಲ ಕಾಣುತ್ತದೆ.

ನಿಮ್ಮ ಜೇಬಿನಲ್ಲಿ ಹೊಸ 50 ರೂಪಾಯಿ ನೋಟಿದ್ದರೆ ತೆಗೆದು ನೋಡಿ, ಹಿಂದೆ ಹಂಪಿಯ ಕಲ್ಲಿನ ತೇರಿದೆ. ಮೇಲೆ ಬೋಳು. ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದೇ ತೇರಿನ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ. ಆ ಫೋಟೊ ಇರದಿದ್ದರೆ ಗೋಪುರ ಇತ್ತು ಅಂತ ಹೇಳಿದವರನ್ನು ನಾವು ನಂಬುತ್ತಿದ್ದೆವೋ ಇಲ್ಲವೋ. ಒಬ್ಬ ಹವ್ಯಾಸಿಯ ತಿರುಗಾಟ, ಅದರ ಜೊತೆ ಜಾಗದ ಹೆಸರು ಮತ್ತು ವರ್ಷ. ಅಷ್ಟರಿಂದಲೇ ಇದೆಲ್ಲ ಆಗಿದ್ದು.

ಈಗ ಕೊಟ್ಟೂರಿಗೆ ಬನ್ನಿ. 2017ರ ಫೆಬ್ರವರಿ 21ರಂದು ಗುರು ಬಸವೇಶ್ವರ ಸ್ವಾಮಿಯ ತೇರು ಎಳೆಯುವಾಗ ವಾಲಿ ನೆಲಕ್ಕೆ ಬಿತ್ತು. ಜನ ಗಾಯಗೊಂಡರು. ಅದು ಬಿದ್ದ ವಿಡಿಯೊ ಅವತ್ತು ರಾತ್ರಿಯೇ ಎಲ್ಲರ ಫೋನಿಗೂ ಬಂತು, ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಆದರೆ ಅದಕ್ಕೂ ಮೊದಲಿನ ವರ್ಷಗಳ ತೇರು? ಗಾಲಿ ಹೇಗಿತ್ತು, ಅಚ್ಚು ಹೇಗಿತ್ತು, ಕೆತ್ತನೆಯಲ್ಲಿ ಏನೇನಿತ್ತು, ಯಾವ ವರ್ಷ ಯಾವ ಬಣ್ಣ ಬಳಿದಿದ್ದರು? ವರ್ಷ ವರ್ಷ ಜಾತ್ರೆಗೆ ಹೋಗಿ ನೂರಾರು ಫೋಟೊ ತೆಗೆದವರಿಗೆ ಕೊರತೆಯಿಲ್ಲ. ಆ ಫೋಟೊಗಳೆಲ್ಲ ತೇರಿನ ಮುಂದೆ ನಿಂತ ಗೆಳೆಯರವು, ಇಲ್ಲವೇ ದೂರದಿಂದ ಕಂಡ ಜನಜಂಗುಳಿ. ನನ್ನ ಬಳಿ ಇರುವವೂ ಅವೇ. ನಾನು ಪೇಪರಿಗೆ ಕಳಿಸುವಾಗ ಕೆಳಗೆ ಬರೆಯುತ್ತಿದ್ದದ್ದು "ಹರಿದು ಬಂದ ಭಕ್ತಸಾಗರ". ಊರಿನ ಹೆಸರು ತೆಗೆದರೆ ಆ ಸಾಲು ಯಾವ ಜಾತ್ರೆಗೆ ಬೇಕಾದರೂ ಆಗುತ್ತದೆ. ಬಿಡಿ ಸುದ್ದಿಗಾರನಿಗೆ ಫೋಟೊಗೆ ಬೇರೆ ದುಡ್ಡು ಕೊಡುವವರಿಲ್ಲ, ಹಾಗಾಗಿ ನಾವೂ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಇದು ಸಬೂಬು ಅಂತ ಗೊತ್ತು.

ಅಂಕಸಮುದ್ರದ ಕಥೆ ಬೇರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆಯನ್ನು ಶತಮಾನಗಳ ಹಿಂದೆ ಹೊಲಕ್ಕೆ ನೀರು ಹಾಯಿಸಲು ಕಟ್ಟಿದ್ದು. 98.76 ಹೆಕ್ಟೇರು, ನಮ್ಮ ಲೆಕ್ಕದಲ್ಲಿ 244 ಎಕರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಗೆ ರಾಮ್ಸರ್ ಪಟ್ಟಿ ಸೇರಿತು. ಅಂದರೆ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ ಅಂತ ಮಾನ್ಯತೆ. ಅವತ್ತು ಅದರ ಜೊತೆ ಕರ್ನಾಟಕದಿಂದ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿದವು. ಅಂಕಸಮುದ್ರದ ದಾಖಲೆಯಲ್ಲಿ 240 ಜಾತಿಯ ಹಕ್ಕಿ, 41 ಜಾತಿಯ ಮೀನು, 27 ಜಾತಿಯ ಚಿಟ್ಟೆಗಳ ಲೆಕ್ಕವಿದೆ. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲು, ಇವೆರಡರ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ನಮ್ಮ ಈ ಒಂದು ಕೆರೆಯಲ್ಲಿದೆ ಅಂತ ಲೆಕ್ಕ.

ಇಂಥ ಪಟ್ಟಿ ಕಚೇರಿಯಲ್ಲಿ ಕೂತರೆ ಹುಟ್ಟುವುದಿಲ್ಲ. ಯಾರೋ ಕೆರೆಗೆ ಮತ್ತೆ ಮತ್ತೆ ಹೋಗಿ, ನೋಡಿ, ಎಣಿಸಿ, ಬರೆದಿಟ್ಟಿರಬೇಕು. ಈ ಹಕ್ಕಿಯನ್ನು ಇಲ್ಲಿ ಇಂಥ ದಿನ ನೋಡಿದೆ ಅನ್ನುವ ಮಾತಿಗೆ ದಿನಾಂಕವಿರುವ ಒಂದು ಫೋಟೊಗಿಂತ ಗಟ್ಟಿ ಸಾಕ್ಷಿ ಇಲ್ಲ. ಫೋಟೊ ಚೆಂದ ಇರಬೇಕು ಅಂತಲೂ ಇಲ್ಲ. ಅಲುಗಾಡಿದ, ಅರ್ಧ ಮಸುಕಾದ ಹಕ್ಕಿಯಾದರೂ ಗುರುತು ಸಿಕ್ಕರೆ ಸಾಕು. ಇ-ಬರ್ಡ್ ಅನ್ನುವ ಉಚಿತ ಆ್ಯಪ್‌ನಲ್ಲಿ ಯಾರು ಬೇಕಾದರೂ ತಾವು ಕಂಡ ಹಕ್ಕಿಗಳ ಪಟ್ಟಿ ಹಾಕಬಹುದು, ಫೋಟೊ ಸೇರಿಸಬಹುದು. ಸ್ಟೇಟಸ್‌ಗೆ ಹಾಕಿದ ಹಕ್ಕಿ ಮರುದಿನಕ್ಕೆ ಮಾಯ.

ಇಲ್ಲಿ ಒಂದು ಗೊಂದಲ ಬರುತ್ತದೆ, ನನಗೂ ಬಂದಿದೆ. ಊರಿನ ಹೆಸರು ಹಾಕಿ ಅನ್ನುತ್ತೀಯ, ಹಾಕಿದರೆ ಮುಂದಿನ ವಾರ ಇಪ್ಪತ್ತು ಜನ ಅದೇ ಗೂಡಿನ ಮುಂದೆ ನಿಲ್ಲುತ್ತಾರಲ್ಲ? ಹೌದು, ನಿಲ್ಲುತ್ತಾರೆ. ಅದಕ್ಕೆ ನಾನು ಎರಡು ಲೆಕ್ಕ ಇಟ್ಟುಕೊಂಡಿದ್ದೇನೆ. ನನ್ನ ನೋಟುಬುಕ್ಕಿನಲ್ಲಿ ಮರದವರೆಗೂ ಬರೆಯುತ್ತೇನೆ. ಫೇಸ್‌ಬುಕ್ಕಿಗೆ ಹಾಕುವಾಗ ಗೂಡು, ಮರಿ, ಅಪರೂಪದ ಹಕ್ಕಿ ಆದರೆ ತಾಲ್ಲೂಕು ಮಾತ್ರ. ಕರಡಿ ಗುಹೆ ಆದರೆ ಅದೂ ಇಲ್ಲ. ಬಸದಿಗೆ, ತೇರಿಗೆ, ಊರಬಾವಿಗೆ ಆ ಹೆದರಿಕೆ ಬೇಕಿಲ್ಲ, ಅಲ್ಲಿ ಎಲ್ಲ ಬರೆಯಿರಿ.

ಗೂಡಿನ ವಿಷಯದಲ್ಲಿ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಏನು ಅಂತ ಹೇಳುವಾಗ ಕಾಡು ಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಿದ್ದಾರೆ. ಬಂದೂಕೇ ಬೇಕಂತಿಲ್ಲ. ಬಣ್ಣದ ಕೊಕ್ಕರೆ ಮಧ್ಯಾಹ್ನ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಲ್ಲುತ್ತದೆ. ಅದು ಎದ್ದು ಹೋದರೆ ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆ, ಹದ್ದು ಕಾದಿರುತ್ತವೆ. ಕುರಿ ಕಾಯುವ ಹಿರಿಯರು ಕೂಗಿದ್ದು ಇದಕ್ಕೇ. ಅವರಿಗೆ ಕಾಯ್ದೆ ಗೊತ್ತಿರಲಿಕ್ಕಿಲ್ಲ, ಮರಿ ಗೊತ್ತಿತ್ತು.

ಹಕ್ಕಿ ಫೋಟೊ ವಾಪಸ್ ಕೇಳುವುದಿಲ್ಲ. ಮನುಷ್ಯರು ಕೇಳುತ್ತಾರೆ.

ಮೈಲಾರದ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದಾಗ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ಒಂದು ಗಳಿಗೆಗೆ ಎಲ್ಲ ಕ್ಯಾಮೆರಾಗಳೂ ಒಂದೇ ಕಡೆ. ಅದಕ್ಕೂ ಮೊದಲು ಕರಡಿ ಕೂದಲಿನ ಟೊಪ್ಪಿಗೆ, ಕಂಬಳಿ, ಡಮರುಗದ ಗೊರವರನ್ನು ಹುಡುಕಿ ಹುಡುಕಿ ತೆಗೆಯುತ್ತಾರೆ. ದೋಣಿ ಸೇವೆಯಲ್ಲಿ ಗೊರವರು ನಾಯಿಯಂತೆ ಬೊಗಳುತ್ತ ದೋಣಿಗೆ ಬಾಯಿ ಹಾಕಿ ಹಾಲುಬಾಳೆಹಣ್ಣು ತಿನ್ನುವುದನ್ನಂತೂ ಬಿಡುವುದೇ ಇಲ್ಲ. ಅದು ಮೈಲಾರಲಿಂಗನ ನಾಯಿಗಳು ತಾವು ಅನ್ನುವ ಅವರ ಭಕ್ತಿ. ಆ ಫೋಟೊ ಬೆಂಗಳೂರಿಗೆ ಹೋಗಿ ಯಾವುದೋ ಪೇಜಿನಲ್ಲಿ ನಗುವ ಎಮೋಜಿ ಜೊತೆ ತಿರುಗಿ ನಮ್ಮದೇ ಊರಿನ ಹುಡುಗರ ಫೋನಿಗೆ ಬರುತ್ತದೆ. ಕೆಳಗೆ ಯಾರು, ಯಾಕೆ ಅಂತ ಎರಡು ಸಾಲು ಬರೆದಿದ್ದರೆ ಎಲ್ಲರೂ ನಗುತ್ತಿರಲಿಲ್ಲ.

ಒಂದು ವರ್ಷ ಜಾತ್ರೆಯಲ್ಲಿ ನಾನೂ ಒಬ್ಬ ಹಿರಿಯ ಗೊರವರ ಫೋಟೊ ತೆಗೆದೆ. ಬೇವಿನ ಮರದ ಕೆಳಗೆ ಕೂತಿದ್ದರು, ಸಂಜೆ ಬೆಳಕು ಮುಖದ ಮೇಲೆ ಬಿದ್ದಿತ್ತು. ತೋರಿಸಿದೆ. ನೋಡಿ, "ಏ ತಮ್ಮಾ, ನನಗೂ ಒಂದು ಕೊಡ್ತಿಯೇನಪ್ಪ?" ಅಂದರು. "ಕೊಡ್ತೀನಿ ಯಜ್ಜಾ, ಮುಂದಿನ ಜಾತ್ರಿಗೆ ತರ್ತೀನಿ" ಅಂದೆ. ಊರ ಹೆಸರು ಕೇಳಿಕೊಂಡೆ, ನಂಬರ್ ಕೊಟ್ಟೆ. ಮುಂದಿನ ಜಾತ್ರೆಗೆ ಮರೆತೆ. ಅದರ ಮುಂದಿನದಕ್ಕೆ ಹೋಗಲಾಗಲಿಲ್ಲ.

ಆಮೇಲೆ ಒಂದು ದಿನ ಮೊಮ್ಮಗ ಫೋನ್ ಮಾಡಿದ. "ಅಣ್ಣಾ, ನಮ್ಮಜ್ಜ ತೀರ್ಕೊಂಡ. ನೀವು ಜಾತ್ರ್ಯಾಗ ಫೋಟ ತಗ್ದಿದ್ರಂತ, ಯಾವಾಗ್ಲೂ ಹೇಳ್ತಿದ್ದ. ಮನ್ಯಾಗ ಆಧಾರ್ ಕಾರ್ಡಿಂದು ಬಿಟ್ರ ಬ್ಯಾರೆ ಇಲ್ಲ. ಫ್ಲೆಕ್ಸ್ ಮಾಡಿಸ್ಬೇಕಿತ್ತು." ಅವತ್ತು ರಾತ್ರಿಯೆಲ್ಲ ಹುಡುಕಿದೆ. ಆ ವರ್ಷದ ಫೋಟೊಗಳಿದ್ದ ಹಾರ್ಡ್‌ಡಿಸ್ಕ್ ಕೆಟ್ಟು ಮೂಲೆ ಸೇರಿತ್ತು. ಪೇಪರಿಗೆ ಬೇರೆ ಫೋಟೊ ಕಳಿಸಿದ್ದೆ. ಮರುದಿನ ಫೋನ್ ಮಾಡಿ ಇಲ್ಲ ಅಂದೆ. "ಇರ್ಲಿ ಬಿಡ್ರಿ ಅಣ್ಣಾ" ಅಂದ. ಫ್ಲೆಕ್ಸ್‌ನಲ್ಲಿ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿ ಹಾಕಿದ್ದರು. ನಿಮಗೂ ಗೊತ್ತು, ಅದರಲ್ಲಿ ಯಾರೂ ಅವರಂತೆ ಇರುವುದಿಲ್ಲ.

ಆವತ್ತಿನಿಂದ ಜಾತ್ರೆಯಿಂದ ಬಂದ ವಾರದೊಳಗೆ ಸ್ಟುಡಿಯೊಗೆ ಹೋಗಿ ಹತ್ತು ಹದಿನೈದು ಪ್ರಿಂಟ್ ಹಾಕಿಸುತ್ತೇನೆ. ದುಡ್ಡು ನಾಲ್ಕು ಸಲ ಚಹಾ, ಮಿರ್ಚಿ, ಮಂಡಕ್ಕಿ ತಿಂದಷ್ಟು. ಆಯಾ ಊರಿನ ಸಂತೆಗೆ ಹೋಗುವವರ ಕೈಲಿ ಕಳಿಸುತ್ತೇನೆ. ಕೆಲವು ಮುಟ್ಟುತ್ತವೆ, ಕೆಲವು ಇಲ್ಲ. ಫೋನಿನಲ್ಲಿ ಕಳಿಸುವುದಾದರೆ ಒಂದು ಮಾತು. ವಾಟ್ಸಾಪ್‌ನಲ್ಲಿ ಸುಮ್ಮನೆ ಫೋಟೊ ಅಂತ ಕಳಿಸಿದರೆ ಅದು ಸಣ್ಣದಾಗುತ್ತದೆ, ಒಳಗಿದ್ದ ದಿನಾಂಕ, ಜಾಗದ ಮಾಹಿತಿಯೂ ಉದುರಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಎಲ್ಲ ಹಾಗೇ ಉಳಿಯುತ್ತದೆ. ಗೂಡಿನ ಫೋಟೊ ಆದರೆ ಮಾತ್ರ ಹಾಗೆ ಕಳಿಸಬೇಡಿ, ಜಾಗವೂ ಜೊತೆಗೇ ಹೋಗುತ್ತದೆ.

ಹೊರಗಿನಿಂದ ಬರುವ ಛಾಯಾಗ್ರಾಹಕರಿಗೂ ಕೆರೆ ಏರಿ ಮೇಲೆ, ಜಾತ್ರೆ ಬಯಲಲ್ಲಿ ಇದನ್ನೇ ಕೇಳಿ. ಜಗಳ ಬೇಡ. "ಸರ, ಫೋಟೊ ನಮಗೂ ಕಳಿಸ್ರಿ, ಕೆಳಗೆ ನಮ್ಮೂರ ಹೆಸರು ಹಾಕ್ರಿ" ಅಂದರೆ ಬಹಳ ಮಂದಿ ಹಾಕುತ್ತಾರೆ. ಯಾರೂ ಕೇಳದ್ದರಿಂದಲೇ ಹಾಕಿಲ್ಲ. ಕಲ್ಲು ಎತ್ತಿದರೆ ಮಾತ್ರ ಗದರಿಸಿ.

ಮತ್ತೆ ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಫೋಟೊ ಇದ್ದೇ ಇರುತ್ತವೆ. ಕೊಟ್ಟೂರಿನ ತೇರಿನ ಹಿಂದೆ ನಿಂತ ಚಿಕ್ಕಪ್ಪ, ಕೋಗಳಿ ಬಸದಿಯ ಕಟ್ಟೆ ಮೇಲೆ ಕೂತ ಶಾಲೆಯ ಮಕ್ಕಳು, ನೀರು ತುಂಬಿದ ಕೆರೆ. ಚಿಕ್ಕಪ್ಪನ ಹಿಂದೆ ಏನಿದೆ ಅಂತ ಒಮ್ಮೆ ನೋಡಿ. ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ, ಫೋಟೊದ ಬೆನ್ನಿಗೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆದಿಡಿ: ಯಾರು, ಎಲ್ಲಿ, ಯಾವ ವರ್ಷ. ಇಸವಿ ನೆನಪಿಲ್ಲ ಅಂದರೆ "ಕೆರೆ ಕೋಡಿ ಬಿದ್ದ ವರ್ಷ", "ಅಕ್ಕನ ಮದುವೆಯ ಮುಂದಿನ ಜಾತ್ರೆ" ಅಂತಲಾದರೂ ಬರೆಯಿರಿ, ನಡೆಯುತ್ತದೆ.