ಹೊಕ್ಕುಳಬಳ್ಳಿ ಬಿದ್ದಾಗ ರಕ್ತ ಬಂದಿತ್ತೇ?

ಬಸಿರಾದ ಎಂಟನೆಯ ವಾರದಲ್ಲಿ ರಕ್ತದ ಕಲೆ ಕಂಡರೆ ಮನೆಯಲ್ಲಿ ವಿಚಾರಣೆ ಶುರು. ಪಪ್ಪಾಯಿ ತಿಂದಳೇ, ಸ್ಕೂಟರ್ ಓಡಿಸಿದಳೇ, ಭಾರ ಎತ್ತಿದಳೇ? ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತ ಕಾಣಿಸುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಮುಂದೆ ಹೆರಿಗೆ ಸಲೀಸಾಗಿಯೇ ಆಗುತ್ತದೆ.

ಗರ್ಭ ಉಳಿಯದೆ ಹೋದಾಗಲೂ ತಾಯಿಯ ನಡೆಯಲ್ಲಿ ತಪ್ಪು ಹುಡುಕುವುದು ವ್ಯರ್ಥ. ಆರಂಭದ ಗರ್ಭಪಾತಗಳಲ್ಲಿ ಹತ್ತಿರಹತ್ತಿರ ಅರ್ಧಕ್ಕೆ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರುವುದೇ ಕಾರಣ. ಅಂಡ ಮತ್ತು ವೀರ್ಯಾಣು ತಲಾ 23 ತರಬೇಕು. ವಿಭಜನೆಯಲ್ಲಿ ಎಡವಟ್ಟಾಗಿ ಒಂದು ಹೆಚ್ಚೋ ಕಡಿಮೆಯೋ ಆಗುತ್ತದೆ. 16ನೇ ಕ್ರೋಮೋಸೋಮ್ ಎರಡರ ಬದಲು ಮೂರಿದ್ದರೆ ಭ್ರೂಣ ಬೆಳೆಯುವುದೇ ಇಲ್ಲ. ಇದು ವಂಶದಿಂದ ಬಂದದ್ದಲ್ಲ, ಆಕಸ್ಮಿಕ. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆ ಹೆಚ್ಚುತ್ತದೆ. ಪದೇ ಪದೇ ಗರ್ಭ ಹೋಗುವ ದಂಪತಿಗಳಲ್ಲಿ ನೂರಕ್ಕೆ ಕೆಲವರಲ್ಲಿ ಮಾತ್ರ ಗಂಡ ಅಥವಾ ಹೆಂಡತಿಯ ಕ್ರೋಮೋಸೋಮ್ ತುಣುಕುಗಳೇ ಸ್ಥಳ ಬದಲಿಸಿರುತ್ತವೆ.

ಎರಡು ಸಲ ಗರ್ಭ ಹೋದವರ ಕೈಗೆ ಈಗ ಉದ್ದನೆಯ ಲ್ಯಾಬ್ ಚೀಟಿ ಬರುತ್ತದೆ. ಫ್ಯಾಕ್ಟರ್ 5 ಲೈಡನ್, ಪ್ರೋಥ್ರಾಂಬಿನ್, ಎಂಟಿಎಚ್‌ಎಫ್‌ಆರ್. ಮೊದಲನೆಯದು 1994ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಪತ್ತೆಯಾದ, ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಜೀನ್ ಬದಲಾವಣೆ. ಯೂರೋಪಿಯನ್ನರಲ್ಲಿ ಸಾಮಾನ್ಯ, ನಮ್ಮಲ್ಲಿ ಅಪರೂಪ. ಎಂಟಿಎಚ್‌ಎಫ್‌ಆರ್ ಬದಲಾವಣೆ ಎಷ್ಟು ಸಾಮಾನ್ಯವೆಂದರೆ, ಅದನ್ನು ಪರೀಕ್ಷಿಸುವುದೇ ಬೇಡವೆಂದು ಅಮೆರಿಕದ ತಳಿವೈದ್ಯರ ಸಂಘ 2013ರಲ್ಲೇ ಹೇಳಿತು. ಚೀಟಿಯಲ್ಲಿ 'ಪಾಸಿಟಿವ್' ಬಂದರೆ ದಿನಾ ಹೊಟ್ಟೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸೂಜಿ. ಇಂಥ ಜೀನ್‌ಗಳಿದ್ದು ಎರಡು ಅಥವಾ ಹೆಚ್ಚು ಬಾರಿ ಗರ್ಭ ಕಳೆದುಕೊಂಡ 326 ಮಹಿಳೆಯರ ಮೇಲೆ ನಡೆದ ಅಲೈಫ್-2 ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಸೂಜಿ ಪಡೆದವರಲ್ಲಿ ನೂರಕ್ಕೆ 72, ಪಡೆಯದವರಲ್ಲಿ 71 ಮಂದಿಗೆ ಮಗು ಹುಟ್ಟಿತ್ತು. (ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಬೇರೆಯೇ ಕತೆ. ಅದು ವಂಶವಾಹಿ ದೋಷವಲ್ಲ, ರೋಗನಿರೋಧಕ ವ್ಯವಸ್ಥೆಯ ಎಡವಟ್ಟು; ಅಲ್ಲಿ ಹೆಪಾರಿನ್ ಬೇಕು. ಯಾರೂ ತಾವಾಗಿ ಸೂಜಿ ನಿಲ್ಲಿಸಬಾರದು.)

ಈ ಚೀಟಿಯಲ್ಲಿ ಸಾಮಾನ್ಯವಾಗಿ ಇಲ್ಲದ ಹೆಸರೊಂದಿದೆ, ರಕ್ತದ ಹೆಪ್ಪನ್ನು ಗಟ್ಟಿಗೊಳಿಸುವ ಪ್ರೋಟೀನ್ ಫ್ಯಾಕ್ಟರ್ 13. ಇದರ ತೀವ್ರ ಕೊರತೆ ಇಪ್ಪತ್ತು ಲಕ್ಷಕ್ಕೊಬ್ಬರಲ್ಲಿ ಕಾಣುವಷ್ಟು ವಿರಳ. ಆದರೆ ಇರುವವರಿಗೆ ಚಿಕಿತ್ಸೆ ಇಲ್ಲದಿದ್ದರೆ ಬಹುತೇಕ ಗರ್ಭಗಳು ಮೊದಲ ವಾರಗಳಲ್ಲೇ ರಕ್ತಸ್ರಾವದಲ್ಲಿ ಹೋಗುತ್ತವೆ. ಇವರ ರಕ್ತ ಹೆಪ್ಪುಗಟ್ಟುತ್ತದೆ, ಆದರೆ ಗಾರೆಯಿಲ್ಲದ ಇಟ್ಟಿಗೆ ಗೋಡೆಯ ಹಾಗೆ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಜಾಗದಲ್ಲಿ ಆ ಗೋಡೆ ಕುಸಿಯುತ್ತದೆ. ಮಾಮೂಲಿ ಪಿಟಿ, ಎಪಿಟಿಟಿ ಪರೀಕ್ಷೆಗಳು ನಾರ್ಮಲ್ ಎಂದೇ ಬರುತ್ತವೆ, ಏಕೆಂದರೆ ಅವು ಹೆಪ್ಪು ಕಟ್ಟಲು ಶುರುವಾದ ಹೊತ್ತನ್ನಷ್ಟೇ ಅಳೆಯುತ್ತವೆ. ಇದನ್ನು ಹಿಡಿಯುವ ಹಳೆಯ ವಿಧಾನ ಸರಳ: ಹೆಪ್ಪನ್ನು ಯೂರಿಯಾ ದ್ರಾವಣದಲ್ಲಿ ಹಾಕಿಡುವುದು. ಸರಿಯಾದ ಹೆಪ್ಪು ಮರುದಿನವೂ ಹಾಗೇ ಇರುತ್ತದೆ. ಫ್ಯಾಕ್ಟರ್ 13 ಇಲ್ಲದ್ದು ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ತೀರಾ ಕಡಿಮೆ ಮಟ್ಟವನ್ನಷ್ಟೇ ಇದು ತೋರಿಸುವುದರಿಂದ, ಫ್ಯಾಕ್ಟರಿನ ಪ್ರಮಾಣ ಅಳೆಯುವ ಪರೀಕ್ಷೆಯೂ ಬೇಕು.

ದೋಷವಿರುವ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದರಷ್ಟೇ ಈ ತೀವ್ರ ಕೊರತೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇರುವ ಕರ್ನಾಟಕಕ್ಕೆ ಆ ಮಾತು ದೂರದ್ದಲ್ಲ. ಸುಳಿವು ಹೆಚ್ಚಾಗಿ ಅಜ್ಜಿಯ ನೆನಪಿನಲ್ಲಿರುತ್ತದೆ: ಮಗುವಾಗಿದ್ದಾಗ ಹೊಕ್ಕುಳಬಳ್ಳಿ ಬಿದ್ದ ಮೇಲೆ ರಕ್ತ ನಿಲ್ಲದೆ ಒಸರುತ್ತಿತ್ತೇ? ಹಲ್ಲು ಕೀಳಿಸಿದ ಮಾರನೆಯ ದಿನ ಮತ್ತೆ ಸುರಿದಿತ್ತೇ? ಪದೇ ಪದೇ ಗರ್ಭ ಹೋದವರ ಹತ್ತಿರ ಈ ಪ್ರಶ್ನೆ ಕೇಳಲು ಲ್ಯಾಬ್ ಬೇಕಿಲ್ಲ, ಐದು ನಿಮಿಷ ಸಾಕು. ಸಾಲುಗಟ್ಟಿ ಬರೆಯುವ ಜೀನ್ ಪರೀಕ್ಷೆಗಳಿಗಿಂತ ಮೊದಲು ಇದಾಗಬೇಕು ಎಂಬುದು ನನ್ನ ತಕರಾರು.

ಪತ್ತೆಯಾದರೆ ದಾರಿ ಇದೆ. ಫ್ಯಾಕ್ಟರ್ 13 ದೇಹದಲ್ಲಿ ದಿನಗಟ್ಟಲೆ ಉಳಿಯುವುದರಿಂದ ಸಾಮಾನ್ಯ ದಿನಗಳಲ್ಲಿ ತಿಂಗಳಿಗೊಮ್ಮೆ ಕೊಟ್ಟರೂ ನಡೆಯುತ್ತದೆ. ಬಸಿರಿನಲ್ಲಿ ಇನ್ನೂ ಬೇಗ ಬೇಗ ಕೊಡಬೇಕು, ಅದೂ ಆದಷ್ಟು ಮೊದಲೇ. ಶುದ್ಧ ಫ್ಯಾಕ್ಟರ್ ಸಿಗದ ಕಡೆ ದಾನಿಗಳ ಪ್ಲಾಸ್ಮಾದಿಂದ ತೆಗೆದ, ರಕ್ತನಿಧಿಯ ಕ್ರಯೋಪ್ರೆಸಿಪಿಟೇಟ್ ನೆರವಿಗೆ ಬರುತ್ತದೆ. ಅಕ್ಕನಿಗೆ ಈ ಕೊರತೆ ಇದ್ದರೆ ತಂಗಿಗೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳು ಬಸಿರಾಗುವ ಮುಂಚೆಯೇ ಅವಳ ರಕ್ತವನ್ನೂ ಪರೀಕ್ಷೆಗೆ ಕಳಿಸಬೇಕು.