ಭುಜದ ಎಕ್ಸ್‌ರೇ ‘ನಾರ್ಮಲ್’ ಬಂದರೆ ಭುಜ ಸರಿಯಿದೆ ಎಂದರ್ಥವೇ?

ಭುಜಕ್ಕೆ ಪೆಟ್ಟಾಗಿದೆ, ಎಕ್ಸ್‌ರೇ ತೆಗೆಸಿದ್ದಾಯಿತು, ರಿಪೋರ್ಟ್ ‘ನಾರ್ಮಲ್’. ಮುಂದಿನ ಕೆಲಸ, ಫಿಲ್ಮಿನ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದು. ಉತ್ತರ ಬಹುಪಾಲು ಒಂದೇ: ‘ಮೂಳೆಗೆ ಏನೂ ಆಗಿಲ್ಲ, ಎಣ್ಣೆ ಹಚ್ಚಿ ತಿಕ್ಕಿಸಿ, ಕೈ ಜಗ್ಗಿಸಿ.’ ಈ ಸಲಹೆಯ ಮೊದಲರ್ಧ ಸಾಮಾನ್ಯವಾಗಿ ನಿಜ. ಎರಡನೇ ಅರ್ಧ ಮಾತ್ರ ಕೆಲವೊಮ್ಮೆ ದುಬಾರಿಯಾಗುತ್ತದೆ.

ಎಕ್ಸ್‌ರೇ ಎಂದರೆ ನೆರಳು. ತೋಳಿನ ಮೂಳೆ, ಹೆಗಲೆಲುಬು, ಕೊರಳೆಲುಬು ಈ ಮೂರೂ ಒಂದೇ ಹಾಳೆಯ ಮೇಲೆ ಬೀಳುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ನೆರಳಿನಲ್ಲಿ ತಿಳಿಯುವುದಿಲ್ಲ. ಭುಜದ ಕೀಲಾದರೋ ಸಣ್ಣ ತಟ್ಟೆಗೆ ಆತುಕೊಂಡ ನಿಂಬೆಹಣ್ಣಿನಂತೆ. ಹಣ್ಣು ಸುಲಭವಾಗಿ ಜಾರುತ್ತದೆ. ಕೀಲು ತಪ್ಪಿದಾಗ ಸುಮಾರು 95% ಬಾರಿ ಅದು ಮುಂದಕ್ಕೆ ಜಾರುತ್ತದೆ. ಅದು ಚಿತ್ರದಲ್ಲಿ ಎದ್ದು ಕಾಣುತ್ತದೆ, ಯಾರೂ ತಪ್ಪುವುದಿಲ್ಲ.

ಕಷ್ಟ ಇರುವುದು ಹಿಂದಕ್ಕೆ ಜಾರಿದಾಗ. ಸೊರಟೂರಿನಂಥ ಹಳ್ಳಿಯ ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಒಬ್ಬರಿಗೆ ಕರೆಂಟ್ ಹೊಡೆಯಿತು ಎಂದುಕೊಳ್ಳಿ. ಭುಜದ ಸ್ನಾಯುಗಳೆಲ್ಲ ಒಮ್ಮೆಗೇ ಬಿಗಿಯುತ್ತವೆ. ಕೈಯನ್ನು ಒಳಕ್ಕೆ ತಿರುಗಿಸುವ ಸ್ನಾಯುಗಳೇ ಬಲಶಾಲಿ, ಹಾಗಾಗಿ ತೋಳಿನ ಮೂಳೆಯ ತಲೆ ಹಿಂದಕ್ಕೆ ನೂಕಲ್ಪಡುತ್ತದೆ. ಬೀಳದೆಯೂ ಹೀಗಾಗಬಹುದು. ಮೂರ್ಛೆರೋಗದ ಸೆಳೆತದಲ್ಲೂ ಇದೇ ನಡೆಯುತ್ತದೆ. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಇದ್ದಲ್ಲೇ ಇದ್ದಂತೆ ಕಾಣುತ್ತದೆ. ಪಳಗಿದ ಕಣ್ಣಿಗೆ ಒಂದು ಸುಳಿವು ಸಿಗುತ್ತದೆ: ಮೂಳೆಯ ತಲೆ ಒಳಕ್ಕೆ ತಿರುಗಿರುವುದರಿಂದ ಕರೆಂಟ್ ಬಲ್ಬಿನಂತೆ ದುಂಡಗೆ ತೋರುತ್ತದೆ. ಇಂಥ ಪ್ರಕರಣಗಳಲ್ಲಿ ಅರ್ಧದಷ್ಟು ಮೊದಲ ಭೇಟಿಯಲ್ಲಿ ಕೈತಪ್ಪುತ್ತವೆ ಎಂಬುದು ಮೂಳೆ ವೈದ್ಯರಲ್ಲಿ ಹಳೆಯ ಮಾತು. ಮೂರು ವಾರ ದಾಟಿದರೆ ಸುಮ್ಮನೆ ಕೂರಿಸುವುದು ಕಷ್ಟ, ಬಹಳಷ್ಟು ಬಾರಿ ಆಪರೇಷನ್ನೇ ಬೇಕಾಗುತ್ತದೆ.

ಪರಿಹಾರ ತುಂಬಾ ಸರಳ: ಇನ್ನೊಂದು ಕೋನದ ಎಕ್ಸ್‌ರೇ. ಕಂಕುಳ ಕಡೆಯಿಂದ ಅಥವಾ ಪಕ್ಕದಿಂದ ತೆಗೆದರೆ ಜಾರಿದ ಮೂಳೆ ಬಯಲಾಗುತ್ತದೆ. ‘ಎರಡನೇ ಕೋನದ ಚಿತ್ರ ಬೇಕೇ?’ ಎಂದು ಕೇಳಲು ಸಂಕೋಚ ಬೇಡ. ವಿಕಿರಣದ ಭಯವೂ ಬೇಡ. ಭುಜದ ಒಂದು ಎಕ್ಸ್‌ರೇಯಿಂದ ತಗಲುವುದು, ನಿಸರ್ಗದಿಂದ ನಮಗೆ ಒಂದೆರಡು ದಿನದಲ್ಲಿ ಹೇಗೂ ತಗಲುವಷ್ಟು ಮಾತ್ರ.

ಮೂಳೆ ಬಿಟ್ಟು ಬೇರೆಯದು ಎಕ್ಸ್‌ರೇಗೆ ಹೆಚ್ಚು ಕಾಣುವುದಿಲ್ಲ. ಕೈ ಎತ್ತಲು ನೆರವಾಗುವ ಸ್ನಾಯುರಜ್ಜು ಹರಿದಿದ್ದರೂ ಚಿತ್ರ ‘ನಾರ್ಮಲ್’ ಇರಬಹುದು. ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಮಕ್ಕಳಲ್ಲಿ ಇದಕ್ಕೆ ತಿರುಗುಮುರುಗು: ಮೂಳೆ ಬೆಳೆಯುವ ಜಾಗ ಕಪ್ಪು ಗೆರೆಯಾಗಿ ಕಂಡು, ಮುರಿದಿದೆ ಎಂದು ಮನೆಯವರು ಗಾಬರಿಯಾಗುತ್ತಾರೆ. (ಫಾರ್ವರ್ಡ್ ಮಾಡಿದ ಫೋಟೊದಲ್ಲಿ ಎಡ–ಬಲದ ಗುರುತೂ ಕತ್ತರಿಸಿಹೋಗಿರುತ್ತದೆ, ಆ ಮಾತು ಬೇರೆ.)

ಹೆಚ್ಚು ಮೋಸ ಮಾಡುವುದು ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಭುಜ ಬಿಗಿದುಕೊಂಡು ಕೈ ಹೊರಕ್ಕೆ ತಿರುಗುವುದಿಲ್ಲ, ಎಕ್ಸ್‌ರೇ ಮಾತ್ರ ‘ನಾರ್ಮಲ್’. ಹಿಂದಕ್ಕೆ ಜಾರಿದ ಕೀಲೂ ಥೇಟ್ ಹೀಗೇ ಕಾಣುತ್ತದೆ. ಅದನ್ನು ಫ್ರೋಜನ್ ಶೋಲ್ಡರ್ ಎಂದು ತಿಳಿದು ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ಎರಡನ್ನೂ ಬೇರ್ಪಡಿಸುವುದು ರೋಗಿ ಹೇಳುವ ಕಥೆ. ಒಂದು ವಾರಗಟ್ಟಲೆ ಮೆಲ್ಲಗೆ ಬಿಗಿಯುತ್ತದೆ, ಇನ್ನೊಂದು ಶಾಕ್ ಹೊಡೆದ ಆ ಕ್ಷಣದಿಂದ ಶುರು.

ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ ನೋಡಿ. ಕರೆಂಟ್ ಹೊಡೆದ ಅಥವಾ ಮೂರ್ಛೆ ಬಂದ ನಂತರ ಅದು ತಿರುಗದಿದ್ದರೆ ತಿಕ್ಕಿಸಬೇಡಿ, ಜಗ್ಗಿಸಬೇಡಿ. ಫೋಟೊ ಅಲ್ಲ, ಫಿಲ್ಮನ್ನೇ ಹಿಡಿದು ಗದಗಿನ ಜಿಮ್ಸ್ ಅಥವಾ ಮೂಳೆ ವೈದ್ಯರಿರುವ ಯಾವುದೇ ಆಸ್ಪತ್ರೆಗೆ ಅಂದೇ ಹೋಗಿ, ಕರೆಂಟ್ ಹೊಡೆದದ್ದನ್ನು ಮೊದಲು ಹೇಳಿ.