ಎರಡು ಚಕ್ರ ಎಲ್ಲಿಗೆ ಹೋಯ್ತು?

ಬಣ್ಣ ಚೆನ್ನಾಗಿದೆ, ಕೈಕಾಲು ಆಡುತ್ತವೆ, ಮುಖದ ಕೆತ್ತನೆ ಸೊಗಸಾಗಿದೆ, ಹತ್ತಕ್ಕೆ ಎಂಟು. ರೋಬೋ ಆಟಿಕೆಗಳ ವಿಮರ್ಶೆ ಅಂತ ನಾವು ಓದುತ್ತಿರುವುದು, ಯೂಟ್ಯೂಬಿನಲ್ಲಿ ನೋಡುತ್ತಿರುವುದು ಹೆಚ್ಚುಕಮ್ಮಿ ಇಷ್ಟೇ. ನನ್ನ ತಕರಾರು ಈ ಎಂಟು ಅಂಕಗಳ ಮೇಲೆ. ಬೈಕ್ ಆಗುವ ರೋಬೋಗೆ ಎಂಟು ಕೊಡುವವರು ಅದನ್ನು ಬೈಕ್ ಆಗಿಯೂ ಅಳೆದಿರುವುದಿಲ್ಲ, ರೋಬೋ ಆಗಿಯೂ ಅಳೆದಿರುವುದಿಲ್ಲ. ಎರಡರ ನಡುವಿನ ದಾರಿಯನ್ನಂತೂ ಅಳೆಯುವುದೇ ಇಲ್ಲ. ಆಟಿಕೆ ಇರುವುದೇ ಆ ನಡುವಿನ ದಾರಿಯಲ್ಲಿ ಸ್ವಾಮಿ!

ಸ್ವಲ್ಪ ಹಿಂದಕ್ಕೆ ಹೋಗೋಣ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಮತ್ತು ಮೈಕ್ರೋಮ್ಯಾನ್ ಸರಣಿಯ ಆಟಿಕೆಗಳನ್ನು ಅಮೆರಿಕದ ಹ್ಯಾಸ್‌ಬ್ರೋ ಎತ್ತಿಕೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರುಕಟ್ಟೆಗೆ ಬಿಟ್ಟಿತು. ಅವುಗಳಲ್ಲಿ ಬಹಳಷ್ಟು ಕಾರುಗಳು. ಅದಕ್ಕೆ ಕಾರಣವೂ ಸರಳ. ಕಾರು ಅಂದರೆ ಮುಚ್ಚಿದ ಪೆಟ್ಟಿಗೆ. ಬಾನೆಟ್ಟನ್ನು ಎದೆ ಮಾಡಿ, ಬಾಗಿಲನ್ನು ರೆಕ್ಕೆಯ ಹಾಗೆ ಹಿಂದಕ್ಕೆ ತಳ್ಳಿ, ತಲೆ, ಕೈ, ಕಾಲು ಎಲ್ಲವನ್ನೂ ಪೆಟ್ಟಿಗೆಯೊಳಗೆ ಮಡಚಿಡಿ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಮದುವೆಮನೆಯಲ್ಲಿ ನೆಂಟರು ಬಂದಾಗ ಸಾಮಾನನ್ನೆಲ್ಲ ಒಂದು ಕೋಣೆಗೆ ತುಂಬಿ ಚಿಲಕ ಹಾಕ್ತೀವಲ್ಲ, ಹಾಗೆ.

ಬೈಕಿಗೆ ಆ ಕೋಣೆ ಇಲ್ಲ. ಅದರ ಎಂಜಿನ್ನು, ಸೈಲೆನ್ಸರು, ಫೋರ್ಕು, ಚೈನು ಎಲ್ಲವೂ ಬೀದಿಗೆ ಬಿದ್ದಿವೆ. ಸೀಟಿನ ಕೆಳಗೆ ಇಣುಕಿದರೆ ಆ ಕಡೆಯ ಗೋಡೆ ಕಾಣುತ್ತೆ. ಮುಂದಿನಿಂದ ನೋಡಿದರೆ ಅಂಗೈ ಅಗಲ. ಆದರೆ ರೋಬೋಗೆ ಭುಜ ಬೇಕು, ಎದೆ ಬೇಕು, ಎರಡು ಕಾಲು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎರಡು ದೊಡ್ಡ ಚಕ್ರಗಳು ಎಲ್ಲೋ ಒಂದು ಕಡೆ ಹೋಗಲೇಬೇಕು. ಅದಕ್ಕೇ ಹೇಳೋದು, ಈ ಜಾತಿಯ ಆಟಿಕೆ ಮಾಡುವವನ ಕೈಚಳಕಕ್ಕೆ ಬೈಕಿಗಿಂತ ಕಠಿಣ ಪರೀಕ್ಷೆ ಇಲ್ಲ.

ಈ ಪರೀಕ್ಷೆಯನ್ನು ಎದುರಿಸಿದವರ ಚರಿತ್ರೆಯೇ ಇದೆ. ಬಂಡಾಯ್ ಕಂಪನಿಯ ಮೆಷಿನ್ ರೋಬೋ ಸರಣಿ 1982ರಲ್ಲಿ ಶುರುವಾದಾಗ ಅದರ ಮೊದಲ ನಂಬರಿನ ಆಟಿಕೆಯೇ ಬೈಕ್. ಅದೇ ಅಮೆರಿಕಕ್ಕೆ ಹೋಗಿ ಟೊಂಕಾದವರ ಗೋಬಾಟ್ಸ್‌ನಲ್ಲಿ ಸೈ-ಕಿಲ್ ಅನ್ನುವ ಖಳನಾಯಕನಾಯಿತು. 1983ರ ಮೊಸ್ಪೀಡಾ ಅನ್ನುವ ಜಪಾನೀ ಕಾರ್ಟೂನು ಇನ್ನೊಂದು ಉಪಾಯ ಹುಡುಕಿತು. ಅಲ್ಲಿ ಬೈಕು ರೋಬೋ ಆಗುವುದಿಲ್ಲ, ಸವಾರನ ಮೈಮೇಲಿನ ಕವಚವಾಗುತ್ತದೆ, ಚಕ್ರಗಳು ಅವನ ಬೆನ್ನಿಗೇರುತ್ತವೆ. 1986ರ ಟ್ರಾನ್ಸ್‌ಫಾರ್ಮರ್ಸ್ ಚಿತ್ರದಲ್ಲಿ ಜಂಕಿಯನ್ನರು ಬೈಕಾಗುತ್ತಾರೆ, ಒಬ್ಬರ ಮೇಲೊಬ್ಬರು ಸವಾರಿಯೂ ಮಾಡುತ್ತಾರೆ. 2009ರ ಸಿನಿಮಾದಲ್ಲಿ ಕಾಲಿನ ಗೋಜೇ ಬೇಡ ಅಂತ ರೋಬೋವನ್ನು ಒಂದೇ ಚಕ್ರದ ಮೇಲೆ ನಿಲ್ಲಿಸಿಬಿಟ್ಟರು. ಇವೆಲ್ಲ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು. ಚಕ್ರ ಎಲ್ಲಿಗೆ ಹೋಯ್ತು ಅಂತ ಕೇಳದ ವಿಮರ್ಶಕ ಪ್ರಶ್ನೆಪತ್ರಿಕೆಯನ್ನೇ ಓದದೆ ಉತ್ತರಪತ್ರಿಕೆ ತಿದ್ದುತ್ತಿದ್ದಾನೆ.

ನನ್ನ ಮೇಜಿನ ಮೇಲೊಂದು ಇಂಥ ಆಟಿಕೆ ಇದೆ. ಯಾರು ಮಾಡಿದ್ದು ಅಂತ ಹೇಳಲ್ಲ, ಹೇಳಿದರೆ ಮಾತು ಕಂಪನಿಯ ಕಡೆ ತಿರುಗುತ್ತೆ. ಎಲ್ಲ ವಿಮರ್ಶೆಗಳಲ್ಲೂ ಎಂಟರ ಮೇಲೆ ಅಂಕ ಪಡೆದ ಮಾಲು. ಮುಂದಿನಿಂದ ನೋಡಿದರೆ ಕಣ್ಣು ತುಂಬುತ್ತೆ. ಹಿಂದಕ್ಕೆ ತಿರುಗಿಸಿದರೆ ಗುಜರಿ ಅಂಗಡಿ: ಎರಡು ಚಕ್ರ, ಸೀಟು, ಪೆಟ್ರೋಲ್ ಟ್ಯಾಂಕಿನ ಅರ್ಧ, ಎಲ್ಲ ಬೆನ್ನಿಗೆ ನೇತುಬಿದ್ದಿವೆ. ಭಾರಕ್ಕೆ ರೋಬೋ ಹಿಂದಕ್ಕೆ ಮಗುಚುತ್ತೆ. ಬೈಕ್ ಮಾಡಿದರೆ ಟ್ಯಾಂಕಿನ ಪಕ್ಕದಲ್ಲಿ ರೋಬೋದ ಎರಡು ಮುಷ್ಟಿ ಹಾಗೇ ಉಳಿಯುತ್ತವೆ. ಸೈಡ್ ಸ್ಟ್ಯಾಂಡ್ ಇಲ್ಲ, ಗೋಡೆಗೆ ಒರಗಿಸಬೇಕು. ಹನ್ನೆರಡನೇ ಸಲ ಮಡಚುವಾಗ ಸೊಂಟದ ಕೀಲು ಸಡಿಲವಾಯ್ತು. ನಾನು ಓದಿದ ಒಂದು ವಿಮರ್ಶೆಯಲ್ಲೂ ಬೆನ್ನಿನ ಫೋಟೋ ಇರಲಿಲ್ಲ.

ಸೈಡ್ ಸ್ಟ್ಯಾಂಡ್ ಚಿಕ್ಕ ವಿಷಯ ಅನ್ನಬೇಡಿ. ಜಗತ್ತಿನಲ್ಲೇ ಅತಿ ಹೆಚ್ಚು ದ್ವಿಚಕ್ರ ವಾಹನ ಮಾರಾಟವಾಗುವ ದೇಶ ನಮ್ಮದು. ಅಪ್ಪ, ಅಮ್ಮ, ಮಧ್ಯದಲ್ಲಿ ತಂಗಿ, ಟ್ಯಾಂಕಿನ ಮೇಲೆ ನಾನು ಅಂತ ಬೆಳೆದವರು ನಾವು. ಸ್ಟ್ಯಾಂಡ್ ತೆಗೆಯದೆ ಹೊರಟವನಿಗೆ ದಾರಿಯಲ್ಲಿ ಹೋಗೋ ಅಪರಿಚಿತರೂ ಕೂಗಿ ಹೇಳುವ ಊರು ಇದು. ಬೈಕ್ ಹೇಗೆ ನಿಲ್ಲುತ್ತೆ, ಹ್ಯಾಂಡಲ್ ಎಷ್ಟು ತಿರುಗಬೇಕು, ಕಾಲು ಎಲ್ಲಿಡಬೇಕು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಮ್ಮ ವಿಮರ್ಶಕರು ಹೊರಗಿನವರ ಪಟ್ಟಿಯನ್ನೇ ಇಟ್ಟುಕೊಂಡು ಟಿಕ್ ಹಾಕ್ತಾರೆ.

“ಆಟಿಕೆ ತಾನೇ, ಯಾಕಿಷ್ಟು ತಲೆಬಿಸಿ” ಅಂತ ಕೇಳೋರಿದ್ದಾರೆ. ಎರಡು ಸಾವಿರ ರೂಪಾಯಿಯ ಮಿಕ್ಸಿ ಹನ್ನೆರಡನೇ ದಿನ ಸಡಿಲವಾದರೆ ಅಂಗಡಿ ಮುಂದೆ ನಿಂತು ಗಲಾಟೆ ಮಾಡ್ತೀರಿ. ಮಗುವಿನ ಕೈಯ ವಸ್ತುವಾದರೆ ಮಾತ್ರ “ನೀನೇ ಮುರಿದೆ” ಅಂತ ಮಗುವಿಗೇ ಬೈತೀರಿ. ಆಟಿಕೆ ಕೆಟ್ಟದ್ದಿದ್ದರೂ ತಪ್ಪು ಮಗುವಿನ ತಲೆಗೆ ಬರುತ್ತೆ, ಅದಕ್ಕೇ ತಲೆಬಿಸಿ.

“ಇದು ಕಲೆಕ್ಟರ್‌ಗಳಿಗೆ, ಮಕ್ಕಳಿಗಲ್ಲ” ಅನ್ನುವುದು ಎರಡನೇ ವಾದ. ಹಾಗಿದ್ದರೆ ಮಡಚುವ ಕೀಲು ಯಾಕೆ? ಅಲುಗಾಡದ ಬೊಂಬೆ ಮಾಡಿ ಗಾಜಿನ ಬೀರುವಿನಲ್ಲಿಡಿ, ದಸರಾ ಗೊಂಬೆಯ ಹಾಗೆ. ಬದಲಾಗುತ್ತೆ ಅಂತ ಪೆಟ್ಟಿಗೆಯ ಮೇಲೆ ಬರೆದು ದುಡ್ಡು ತಗೊಂಡಮೇಲೆ ಅದು ಬದಲಾಗಲೇಬೇಕು. ಒಂದು ಸಲ ಅಲ್ಲ, ನೂರು ಸಲ.

ಮೂರನೇ ವಾದ: “ಐಎಸ್‌ಐ ಗುರುತು ಇದೆಯಲ್ಲ.” ಇದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗೆ ಅದು ಕಡ್ಡಾಯ, ಒಳ್ಳೆಯ ಕೆಲಸ. ಆದರೆ ಆ ಗುರುತು ಹೇಳುವುದು ಸುರಕ್ಷತೆಯ ಮಾತು. ಅಂಚು ಕೈಕೊಯ್ಯಬಾರದು, ಬಣ್ಣದಲ್ಲಿ ವಿಷ ಇರಬಾರದು. ಆಟಿಕೆ ಒಳ್ಳೆಯದೋ ಅಂತ ಹೇಳುವ ಕೆಲಸ ಸರ್ಕಾರದ್ದಲ್ಲ, ವಿಮರ್ಶಕನದು.

ಇನ್ನು ಯಾರೂ ಬಾಯಿಬಿಡದ ವಿಷಯ. ಬೈಕ್ ರೋಬೋಗಳಲ್ಲಿ ಹೆಸರುವಾಸಿ ಅಂದರೆ ಆರ್ಸಿ, ಹೆಣ್ಣು ರೋಬೋ. 1986ರ ಚಿತ್ರದಲ್ಲಿ ಬಂದಾಗ ಅವಳು ಗುಲಾಬಿ ಬಣ್ಣದ ಕಾರು. ಜೊತೆಗಿದ್ದ ಗಂಡು ರೋಬೋಗಳಿಗೆ ಕೂಡಲೇ ಆಟಿಕೆ ಬಂತು, ಅವಳಿಗೆ ಬರಲಿಲ್ಲ. ಆ ಕಾರಿನ ರೂಪದ ಆರ್ಸಿ ಅಂಗಡಿಗೆ ಬರಲು 2014ರ ತನಕ ಕಾಯಬೇಕಾಯ್ತು. ಅಷ್ಟರಲ್ಲಿ 2004ರ ಎನರ್ಜಾನ್, 2009ರ ಸಿನಿಮಾ, 2010ರಲ್ಲಿ ಶುರುವಾದ ಪ್ರೈಮ್ ಸರಣಿಗಳಲ್ಲಿ ಅವಳನ್ನು ಬೈಕ್ ಮಾಡಿದ್ದರು. ಹುಡುಗರು ಹೆಣ್ಣು ರೋಬೋ ಕೊಳ್ಳಲ್ಲ, ಹುಡುಗಿಯರು ರೋಬೋವನ್ನೇ ಕೊಳ್ಳಲ್ಲ ಅನ್ನುವ ನಂಬಿಕೆ ಈ ವ್ಯಾಪಾರದಲ್ಲಿ ಬಹಳ ಹಳೆಯದು.

ನಂಬಿಕೆ ಇನ್ನೂ ಸತ್ತಿಲ್ಲ. ಅಕ್ಕನ ಮಗಳಿಗೆ ಬೈಕ್ ರೋಬೋ ತೋರಿಸಿ ಅಂತ ಕೇಳಿದ್ದಕ್ಕೆ ಒಂದು ಅಂಗಡಿಯವರು, “ಸಾರ್, ಅದು ಗಂಡುಮಕ್ಕಳದ್ದು, ಪಾಪುಗೆ ಕಿಚನ್ ಸೆಟ್ ಕೊಡ್ಲಾ?” ಅಂದರು. ಅವಳು, “ಅಂಕಲ್, ನಮ್ಮಮ್ಮನೇ ಗಾಡಿ ಓಡ್ಸೋದು” ಅಂದಳು. ಅಂಗಡಿಯವರು ನಕ್ಕರು. ರೋಬೋ ಮಾತ್ರ ಕೆಳಗಿಳಿಯಲಿಲ್ಲ.

ಈ ನಂಬಿಕೆಗೂ ಬೆನ್ನಿನ ಗುಜರಿಗೂ ಸಂಬಂಧ ಇದೆ. ಹೆಣ್ಣು ರೋಬೋ ಅಂದರೆ ಸೊಂಟ ಸಣ್ಣಗಿರಬೇಕು, ಕಾಲು ಕಡ್ಡಿಯಂತಿರಬೇಕು, ಪಾದ ಹೈಹೀಲ್ಸ್ ಹಾಕಿದ ಹಾಗಿರಬೇಕು ಅಂತ ಮೊದಲೇ ತೀರ್ಮಾನ. ಮೈಯಲ್ಲಿ ಎಲ್ಲೂ ಜಾಗ ಬಿಡದಿದ್ದರೆ ಚಕ್ರ ಎಲ್ಲಿಗೆ ಹೋಗಬೇಕು? ಬೆನ್ನಿಗೆ. ಭಾರ ಹಿಂದೆ, ಪಾದ ಚೂಪು, ನಿಲ್ಲುವುದು ಹೇಗೆ? ವಿಮರ್ಶಕ ಬಂದು “ಸೊಂಟದ ರೂಪ ಚೆನ್ನಾಗಿ ಮೂಡಿದೆ” ಅಂತ ಅಂಕ ಕೊಡುತ್ತಾನೆ. ಯಾವ ಕಾರಣಕ್ಕೆ ರೋಬೋ ಬೀಳುತ್ತೋ ಅದಕ್ಕೇ ಬಹುಮಾನ!

ನನ್ನ ಬೇಡಿಕೆ ದೊಡ್ಡದಲ್ಲ. ಬೈಕ್ ರೋಬೋ ಬಗ್ಗೆ ಬರೆಯುವವರು ಐದು ಸಂಗತಿ ಹೇಳಲಿ. ಚಕ್ರಗಳು ಎಲ್ಲಿಗೆ ಹೋದವು? ಆಸರೆ ಇಲ್ಲದೆ ಎರಡೂ ರೂಪದಲ್ಲಿ ನಿಲ್ಲುತ್ತಾ? ನೆಲದ ಮೇಲೆ ತಳ್ಳಿದರೆ ಉರುಳುತ್ತಾ? ಸೂಚನೆಯ ಕಾಗದ ಇಲ್ಲದೆ ಎರಡನೇ ದಿನ ಒಂದು ಮಗು ಅದನ್ನು ಮಡಚಬಲ್ಲದಾ? ಐವತ್ತು ಸಲ ಮಡಚಿದ ಮೇಲೆ ಕೀಲು ಹೇಗಿದೆ? ಕೊನೆಯದಕ್ಕೆ ವಾರ ಹಿಡಿಯುತ್ತೆ, ಹಿಡಿಯಲಿ. ಪೆಟ್ಟಿಗೆ ಬಿಚ್ಚಿದ ಅರ್ಧ ಗಂಟೆಗೆ ಅಂಕ ಕೊಡಲೇಬೇಕು ಅಂತ ನಿಮ್ಮನ್ನು ಯಾರು ಅಟ್ಟಿಸಿಕೊಂಡು ಬಂದಿದ್ದಾರೆ?

ಮತ್ತೆ, ದಯವಿಟ್ಟು ಬೆನ್ನಿನದೊಂದು ಫೋಟೋ ಹಾಕಿ. ಅದಿಲ್ಲದ ವಿಮರ್ಶೆ ನೋಡಿ ನಾನಂತೂ ಇನ್ನು ಪರ್ಸ್ ತೆಗೆಯಲ್ಲ.